ಸಿಸಿ ಹಾಕಿದ ಮೇಲೆ ಜಗಳ ನಿಮ್ಮದಲ್ಲ

ಕಚೇರಿಗಳಲ್ಲಿ ಕೆಲಸ ಮಾಡುವವರ ಒಂದು ಸಭೆಯಲ್ಲಿ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ. ಸಭೆ ಮುಗಿದ ಮೇಲೆ ನಡೆದ ಒಂದು ಸಣ್ಣ ಪ್ರಸಂಗವನ್ನು ಕೊನೆಗೆ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಸಿಟ್ಟಿನಲ್ಲಿ ಒಂದು ಮೇಲ್ ಬರೆದು, ಸೆಂಡ್ ಒತ್ತಿ, ಮರುಕ್ಷಣವೇ ಹೊಟ್ಟೆಯಲ್ಲಿ ಕಲಸಿದ ಹಾಗಾದ ಅನುಭವ ಇಲ್ಲಿ ಎಷ್ಟು ಜನಕ್ಕೆ ಇದೆ? ಬೇಡ, ಕೈ ಎತ್ತಬೇಡಿ. ನಿಮ್ಮ ಮ್ಯಾನೇಜರ್ ಹಿಂದಿನ ಸಾಲಲ್ಲೇ ಕೂತಿರಬಹುದು.

ನಾನು ಬಹಳ ವರ್ಷ ಎಚ್‌ಆರ್ ವಿಭಾಗದಲ್ಲಿ ಕೆಲಸ ಮಾಡಿದವನು. ಶಿಸ್ತಿನ ವಿಚಾರಣೆ ಅಂತ ನಡೆಯುತ್ತದಲ್ಲ, ಅದರಲ್ಲಿ ಮೇಜಿನ ಆಚೆ ಬದಿ ಕೂತವನು. ಅಲ್ಲಿಗೆ ಕಳ್ಳತನದ ಕೇಸು, ಸುಳ್ಳು ಬಿಲ್ಲಿನ ಕೇಸು ಬರುತ್ತವೆ ಅಂದುಕೊಂಡು ಸೇರಿದ್ದೆ. ಬಂದವು, ಇಲ್ಲ ಅನ್ನುವುದಿಲ್ಲ. ಆದರೆ ಜಾಸ್ತಿ ಬಂದದ್ದು ಸ್ಟೇಪಲ್ ಹೊಡೆದ ಮೇಲ್ ಪ್ರಿಂಟ್‌ಔಟ್‌ಗಳು. ಇಬ್ಬರು ಒಳ್ಳೆಯ ಕೆಲಸಗಾರರು, ಅದಕ್ಕೆ ಮೊದಲು ಇಬ್ಬರ ಮೇಲೂ ಒಂದು ದೂರಿಲ್ಲ. ನಡುವೆ ಹನ್ನೊಂದು ಮೇಲ್.

ಆ ಹನ್ನೊಂದು ಮೇಲ್‌ಗಳ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಪತ್ರಿಕೆಗಳಲ್ಲಿ ಬಂದ ಒಂದು ಜಗಳ ಹೇಳುತ್ತೇನೆ. 2005ರಲ್ಲಿ ಸಿಡ್ನಿಯ ಒಂದು ದೊಡ್ಡ ವಕೀಲರ ಸಂಸ್ಥೆಯಲ್ಲಿ ನಡೆದದ್ದು. ಹತ್ತೊಂಬತ್ತನೇ ಮಹಡಿಯ ಫ್ರಿಜ್‌ನಲ್ಲಿ ಒಬ್ಬ ಸೆಕ್ರೆಟರಿ ತನ್ನ ಊಟಕ್ಕೆಂದು ಒಂದು ಪ್ಯಾಕೆಟ್ ಹ್ಯಾಮ್, ಚೀಸ್, ಎರಡು ತುಂಡು ಬ್ರೆಡ್ ಇಟ್ಟಿದ್ದರು. ಬೆಳಿಗ್ಗೆ ನೋಡಿದರೆ ಇಲ್ಲ. ಮಹಡಿಯವರಿಗೆಲ್ಲ ಒಂದು ಮೇಲ್ ಹಾಕಿದರು: ತಗೊಂಡವರು ದಯವಿಟ್ಟು ದುಡ್ಡು ಕೊಡಿ. ಇನ್ನೊಬ್ಬ ಸೆಕ್ರೆಟರಿ ಉತ್ತರ ಬರೆದರು: ಅಂಥದ್ದೇ ಸಾಮಾನು ಇಪ್ಪತ್ತನೇ ಮಹಡಿಯ ಫ್ರಿಜ್‌ನಲ್ಲಿದೆ, ನೀವೇ ಅಲ್ಲಿಟ್ಟು ಮರೆತಿದ್ದೀರಾ?

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಇನ್ನೊಂದು ಸಲ ಎಲ್ಲರಿಗೂ ರಿಪ್ಲೈ ಮಾಡಬೇಡಿ ಎಂಬ ಬುದ್ಧಿವಾದ ಬಂತು. ಅದಕ್ಕೊಂದು ಕುಟುಕು. ಆ ಕುಟುಕಿಗೆ ಇನ್ನೊಂದು. ನೋಡನೋಡುತ್ತ ಮಾತು ಕೂದಲಿನ ಬಣ್ಣಕ್ಕೆ ಹೋಯಿತು, ಬಾಯ್‌ಫ್ರೆಂಡ್‌ಗಳಿಗೆ ಹೋಯಿತು, ಕಾರಿಗೆ, ಮನೆಗೆ, ಯಾರ ಸಂಬಳ ಜಾಸ್ತಿ ಅನ್ನುವಲ್ಲಿಗೆ ಹೋಯಿತು. ಓದಿದವರು ಮಜಾ ಅಂತ ಫಾರ್ವರ್ಡ್ ಮಾಡಿದರು. ಬೇರೆ ಕಚೇರಿಗಳಿಗೆ ಹೋಯಿತು, ಪತ್ರಿಕೆಗೆ ಬಂತು. ಇಬ್ಬರೂ ಕೆಲಸ ಕಳೆದುಕೊಂಡರು.

ಇದನ್ನು ಹೇಳಿದಾಗ ಎಲ್ಲರೂ ನಗುತ್ತಾರೆ. ನೀವೂ ನಕ್ಕಿರಿ. ನಾನೂ ಮೊದಲ ಸಲ ನಕ್ಕಿದ್ದೆ. ಆದರೆ ಒಂದು ಕ್ಷಣ ಆ ಎರಡನೆಯ ಮೇಲ್ ನೋಡಿ. ಅದರಲ್ಲಿ ತಪ್ಪೇನಿದೆ? ಸಹಾಯವೇ ಇದೆ. ಮೊದಲನೆಯದರಲ್ಲೂ ದೊಡ್ಡ ತಪ್ಪೇನಿಲ್ಲ, ಊಟ ಕಳೆದುಕೊಂಡವರ ಸಿಟ್ಟು ಅಷ್ಟೆ. ಬ್ರೆಡ್ಡಿನ ವಿಷಯಕ್ಕೆ ಯಾರ ಕೆಲಸವೂ ಹೋಗುತ್ತಿರಲಿಲ್ಲ. ಕೆಲಸ ಹೋದದ್ದು ಆಮೇಲಿನ ಮೇಲ್‌ಗಳಿಗೆ. ಅವುಗಳಲ್ಲಿ ಬ್ರೆಡ್ಡೇ ಇಲ್ಲ.

ನಾನು ನೋಡಿದ ಹೆಚ್ಚಿನ ಕೇಸುಗಳು ಹೀಗೇ. ಮೊದಲ ಎರಡು ಮೂರು ಮೇಲ್ ಕೆಲಸದ್ದು. ಆಮೇಲೆ ಒಂದು ಕಡೆ ಹಳಿ ತಪ್ಪುತ್ತದೆ. ಎಲ್ಲಿ ತಪ್ಪಿತು ಅಂತ ಬೆರಳಿಟ್ಟು ತೋರಿಸಬಹುದು. ಮುಕ್ಕಾಲು ಪಾಲು ಸಲ ಅದು ಸಿಸಿ ಸಾಲಿನಲ್ಲಿ, ಅಂದರೆ ಮೇಲ್‌ನ ಪ್ರತಿ ಇನ್ಯಾರಿಗೆಲ್ಲ ಹೋಗಬೇಕು ಅಂತ ಹಾಕುವ ಸಾಲಿನಲ್ಲಿ, ಹೊಸ ಹೆಸರು ಬಂದ ಜಾಗ.

ಈಗ ನಮ್ಮ ಹನ್ನೊಂದು ಮೇಲ್. ಸಂಸ್ಥೆಯ ಹೆಸರು ಬೇಡ, ವ್ಯಕ್ತಿಗಳ ಹೆಸರೂ ಬೇಡ. ಸ್ಟೋರ್ಸ್ ವಿಭಾಗದ ಒಬ್ಬರು, ಅಕೌಂಟ್ಸ್‌ನ ಒಬ್ಬರು. ತಿಂಗಳ ಕೊನೆಯ ಸ್ಟಾಕ್ ಶೀಟ್ ವಿಚಾರ. ಅಕೌಂಟ್ಸ್‌ನವರು ಬರೆದರು: ಶೀಟ್ ಇನ್ನೂ ಬಂದಿಲ್ಲ. ಸ್ಟೋರ್ಸ್‌ನವರು ಬರೆದರು: ಸೋಮವಾರವೇ ಲಿಂಕ್ ಕಳಿಸಿದ್ದೇನೆ, ಇನ್‌ಬಾಕ್ಸ್ ನೋಡಿ. ಅವರು: ನೋಡಿದೆ, ಅದು ಹಳೆಯ ಶೀಟ್. ನಾಲ್ಕನೆಯ ಮೇಲ್‌ನಲ್ಲಿ ಸ್ಟೋರ್ಸ್‌ನವರು 'ಆ್ಯಸ್ ಪರ್ ಮೈ ಅರ್ಲಿಯರ್ ಮೇಲ್' ಅಂತ ಶುರು ಮಾಡಿ ತಮ್ಮ ಮ್ಯಾನೇಜರ್‌ಗೆ ಸಿಸಿ ಹಾಕಿದರು. ಐದನೆಯದರಲ್ಲಿ ಅಕೌಂಟ್ಸ್‌ನವರು ತಮ್ಮ ಮ್ಯಾನೇಜರ್‌ಗೂ ಹಾಕಿದರು. ಆರನೆಯದು ರಾತ್ರಿ 9.40ಕ್ಕೆ ಹೋಗಿದೆ. ಎಂಟನೆಯದರಲ್ಲಿ ಸ್ಟೋರ್ಸ್‌ನವರು ಒಂದು ಸಾಲು ಬರೆದರು. ಇಂಗ್ಲಿಷಿನಲ್ಲೇ ಇತ್ತು, ಕನ್ನಡದಲ್ಲಿ ಹೇಳಿದರೆ: 'ಓದಲು ಬರುವವರಿಗೆ ನನ್ನ ಮೇಲ್ ಅರ್ಥವಾಗುತ್ತದೆ.' ಹನ್ನೊಂದನೆಯದರ ಹೊತ್ತಿಗೆ ಸಿಸಿಯಲ್ಲಿ ಒಂಬತ್ತು ಜನ.

ಪ್ರಿಂಟ್ ತೆಗೆದ ಮೇಲ್ ಸರಣಿಯನ್ನು ನೀವು ನೋಡಿದ್ದೀರಲ್ಲ? ಅದು ತಲೆಕೆಳಗಾಗಿರುತ್ತದೆ. ಕೊನೆಯ ಮೇಲ್ ಮೇಲಿರುತ್ತದೆ, ಮೊದಲನೆಯದು ಕೊನೆಯ ಹಾಳೆಯಲ್ಲಿ. ವಿಚಾರಣೆ ಮಾಡುವವರು ಮೊದಲು ಓದುವುದು ಇಬ್ಬರೂ ಪೂರ್ತಿ ಕೆಂಡವಾಗಿದ್ದಾಗ ಬರೆದದ್ದನ್ನು. 'ಶೀಟ್ ಇನ್ನೂ ಬಂದಿಲ್ಲ' ಎಂಬ ಸೌಮ್ಯವಾದ ಸಾಲಿಗೆ ಬರುವ ಹೊತ್ತಿಗೆ ಅವರ ಮನಸ್ಸಿನಲ್ಲಿ ಒಂದು ಅಭಿಪ್ರಾಯ ಕೂತಾಗಿರುತ್ತದೆ. ನಾನು ಶುರು ಮಾಡಲಿಲ್ಲ, ಅವರೇ ಶುರು ಮಾಡಿದ್ದು ಅಂತ ಎಲ್ಲರೂ ಹೇಳುತ್ತಾರೆ. ಯಾರು ಶುರು ಮಾಡಿದರು ಅನ್ನುವುದು ಕೊನೆಯ ಹಾಳೆಯಲ್ಲಿ ಇರುತ್ತದೆ ಸ್ವಾಮಿ, ಅಷ್ಟು ದೂರ ಎಷ್ಟು ಜನ ತಾಳ್ಮೆಯಿಂದ ಓದುತ್ತಾರೆ?

ಆ ದಿನ ನಾನು ಸ್ಟೋರ್ಸ್‌ನವರಿಗೆ, 'ಎಂಟನೆಯ ಮೇಲ್ ಒಂದು ಸಲ ಜೋರಾಗಿ ಓದಿ' ಅಂದೆ. ಅವರು ಕನ್ನಡಕ ಸರಿ ಮಾಡಿಕೊಂಡು ಓದಿದರು. ಆ ಸಾಲಿಗೆ ಬಂದಾಗ ಸ್ವಲ್ಪ ನಗುತ್ತಾ, ಎಳೆದು ಓದಿದರು. 'ತಮಾಷೆಗೆ ಸಾರ್, ನಾನು ಹೇಳಿದ್ದು ಹೀಗೆ' ಅಂದರು. ಅಕೌಂಟ್ಸ್‌ನವರು ತಮ್ಮ ಪ್ರತಿಯನ್ನು ಎತ್ತಿಕೊಂಡರು. 'ನನಗೆ ಬಂದದ್ದು ಹೀಗಲ್ಲ' ಅಂದು ಅದೇ ಸಾಲನ್ನು ತಾವು ಓದಿದರು. ಅದೇ ಪದಗಳು, ಒಂದಕ್ಷರ ಆಚೀಚೆ ಇಲ್ಲ. ಕೆನ್ನೆಗೆ ಹೊಡೆದ ಹಾಗಿತ್ತು. ನನ್ನ ಪಕ್ಕದಲ್ಲಿದ್ದ ಅಧಿಕಾರಿ ಪೆನ್ಸಿಲ್ ಕೆಳಗಿಟ್ಟರು.

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಬರೆಯುವಾಗ ನಮ್ಮ ಕಿವಿಯಲ್ಲಿ ನಮ್ಮದೇ ದನಿ ಕೇಳುತ್ತಿರುತ್ತದೆ. ಅದು ಮೇಲ್ ಜೊತೆ ಹೋಗುತ್ತದೆ ಅಂತ ಅಂದುಕೊಳ್ಳುತ್ತೇವೆ. ಹೋಗುವುದಿಲ್ಲ. ಕ್ರೂಗರ್, ಎಪ್ಲಿ ಎಂಬ ಸಂಶೋಧಕರು ಮತ್ತು ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿ 2005ರಲ್ಲಿ ಪ್ರಕಟಿಸಿದರು. ಒಂದಷ್ಟು ವಾಕ್ಯಗಳಲ್ಲಿ ಕೆಲವನ್ನು ವ್ಯಂಗ್ಯವಾಗಿ, ಕೆಲವನ್ನು ಗಂಭೀರವಾಗಿ, ದನಿಯಲ್ಲೋ ಮೇಲ್‌ನಲ್ಲೋ ಹೇಳಬೇಕು. ಕೇಳಿದವರು, ಓದಿದವರು ಯಾವುದು ಯಾವುದು ಅಂತ ಗುರುತಿಸಬೇಕು. ಕಳಿಸುವವರ ನಿರೀಕ್ಷೆ, ನೂರಕ್ಕೆ 78 ಸಲ ಸರಿಯಾಗಿ ಗುರುತಿಸುತ್ತಾರೆ ಅಂತ. ದನಿ ಕೇಳಿದವರು 73 ಸಲ ಗುರುತಿಸಿದರು, ಸರಿಸುಮಾರು ನಿರೀಕ್ಷೆಯಷ್ಟೇ. ಮೇಲ್‌ನಲ್ಲಿ ಓದಿದವರು 56. ನಾಣ್ಯ ಚಿಮ್ಮಿ ಹೇಳಿದರೂ 50 ಬರುತ್ತದೆ!

ಇಲ್ಲಿ ನನ್ನದೊಂದು ಅನುಮಾನ ಸೇರಿಸುತ್ತೇನೆ. ನಮಗೆ, ಅಂದರೆ ಮನೆಯಲ್ಲಿ ಕನ್ನಡ ಮಾತಾಡಿ ಆಫೀಸಲ್ಲಿ ಇಂಗ್ಲಿಷಿನಲ್ಲಿ ಮೇಲ್ ಬರೆಯುವವರಿಗೆ, ಈ ಕಷ್ಟ ಇನ್ನೂ ಜಾಸ್ತಿ. ಪಕ್ಕದವರನ್ನು ಬಾಯಲ್ಲಿ ಕೇಳುವಾಗ ಏನಂತೀವಿ? 'ಒಂಚೂರು ನೋಡ್ತೀರಾ?' 'ಇದು ಹಳೇದು ಅಲ್ವಾ?' ಆ ಒಂಚೂರು, ಆ ಅಲ್ವಾ, ಕೊನೆಗೆ ಬರುವ ಆ ರೀ, ಇವೇ ಮಾತಿನ ಮೊನೆ ಮುರಿಯುವುದು. ಇಂಗ್ಲಿಷಿಗೆ ಬಂದಾಗ ಅವೆಲ್ಲ ಉದುರಿ 'ಪ್ಲೀಸ್ ಚೆಕ್' ಉಳಿಯುತ್ತದೆ. ನೀವು, ನೀನು ಎರಡೂ ಒಂದೇ ಪದವಾಗುತ್ತವೆ. ನೀವು ಅಂತ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ನೀನು ಅಂತ ಕೇಳಿಸುತ್ತದೆ. ಕನ್ನಡದಲ್ಲೇ ಬರೆದರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. ದಿನಾ ನೀವು ಅನ್ನುತ್ತಿದ್ದ ಸಹೋದ್ಯೋಗಿ ಒಂದು ದಿನ ಇದ್ದಕ್ಕಿದ್ದಂತೆ 'ತಾವು' ಅಂತ ಬರೆದರೆ ಅದು ಗೌರವ ಅಲ್ಲ ಅಂತ ಎಲ್ಲರಿಗೂ ಗೊತ್ತು.

ಕ್ಯಾಪಿಟಲ್ ಅಕ್ಷರದ ವಿಷಯ ಬಂತು ಅಂದುಕೊಳ್ಳಿ. ಅದೇ ಇಲ್ಲದ ಲಿಪಿ ನಮ್ಮದು, ಕಿರುಚಬೇಕಾದರೆ ಮೂರು ಆಶ್ಚರ್ಯಸೂಚಕ ಹಾಕುತ್ತೇವೆ. ಇಂಗ್ಲಿಷಿನಲ್ಲಿ ಎಲ್ಲ ಕ್ಯಾಪಿಟಲ್‌ನಲ್ಲಿ ಬರೆದರೆ ಕಿರುಚಿದ ಹಾಗೆ ಕಾಣುತ್ತದೆ ಎಂದು 1995ರಲ್ಲೇ ಆರ್‌ಎಫ್‌ಸಿ 1855 ಎಂಬ ಇಂಟರ್‌ನೆಟ್ ಶಿಷ್ಟಾಚಾರದ ದಾಖಲೆಯಲ್ಲಿ ಬರೆದಿಟ್ಟಿದ್ದಾರೆ. ಸಿಟ್ಟು ಬಂದಾಗ ಒಂದು ರಾತ್ರಿ ಕಾದು ಉತ್ತರ ಕೊಡಿ ಅಂತಲೂ ಅದರಲ್ಲಿದೆ. ಪೋಸ್ಟ್‌ಕಾರ್ಡಿನಲ್ಲಿ ಬರೆಯಲಾರದ್ದನ್ನು ಮೇಲ್‌ನಲ್ಲೂ ಬರೆಯಬೇಡಿ ಅಂತಲೂ ಇದೆ. ಅಷ್ಟು ಹಿಂದೆಯೇ ಎಲ್ಲ ಹೇಳಿ ಮುಗಿಸಿದ್ದಾರೆ ನೋಡಿ, ನಾನು ಇಲ್ಲಿ ಸುಮ್ನೆ ಗಂಟಲು ಒಣಗಿಸಿಕೊಳ್ಳುತ್ತಿದ್ದೇನೆ.

ನ್ಯೂಜಿಲೆಂಡ್‌ನಲ್ಲಿ ಒಬ್ಬ ಅಕೌಂಟೆಂಟ್ ಸಹೋದ್ಯೋಗಿಗಳಿಗೆ ಕ್ಯಾಪಿಟಲ್ ಅಕ್ಷರ, ದಪ್ಪಕ್ಷರ, ಕೆಂಪು ಬಣ್ಣದಲ್ಲಿ ಮೇಲ್ ಬರೆಯುತ್ತಾರೆ, ಅದರಿಂದ ಜೊತೆಯವರ ಮನಸ್ಸು ಕೆಡುತ್ತಿದೆ ಅಂತ 2007ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಆಕೆ ಅಲ್ಲಿನ ಉದ್ಯೋಗ ಸಂಬಂಧಗಳ ಪ್ರಾಧಿಕಾರಕ್ಕೆ ಹೋದರು. ಸಾಕ್ಷಿಯಾಗಿ ಹಾಜರಾದದ್ದು ಒಂದೇ ಒಂದು ಮೇಲ್. ಅದೂ ಒಂದು ಫಾರಂ ಹೇಗೆ ತುಂಬಬೇಕು ಅಂತ ಹೇಳುವ ಮೇಲ್. ಮೇಲ್ ಹೇಗಿರಬೇಕು ಅಂತ ಸಂಸ್ಥೆಯಲ್ಲಿ ಒಂದು ನಿಯಮವೂ ಇರಲಿಲ್ಲ. ತೆಗೆದದ್ದು ಸರಿಯಲ್ಲ ಎಂದು 2009ರಲ್ಲಿ ತೀರ್ಪಾಯಿತು, 17,000 ನ್ಯೂಜಿಲೆಂಡ್ ಡಾಲರ್ ಪರಿಹಾರ ಸಿಕ್ಕಿತು.

ಇದನ್ನು ಕೇಳಿದ ಕೂಡಲೇ ನೌಕರರು ಚಪ್ಪಾಳೆ ತಟ್ಟುತ್ತಾರೆ. ತಟ್ಟಿ, ಬೇಡ ಅನ್ನುವುದಿಲ್ಲ. ಮಾಲೀಕರಿಗೆ ಇದು ಪಾಠವೇ. ನಿಯಮ ಹೇಳದೆ, ಎಚ್ಚರಿಕೆ ಕೊಡದೆ, ಆ ಕಡೆಯ ಮಾತು ಕೇಳದೆ ನೇರವಾಗಿ ಕೆಲಸದಿಂದ ತೆಗೆದರೆ ತಪ್ಪಿತಸ್ಥ ನೌಕರನೂ ಕೇಸು ಗೆಲ್ಲುತ್ತಾನೆ. ಆದರೆ ಲೆಕ್ಕ ಹಾಕಿ. ಕೆಲಸ ಹೋದದ್ದು 2007, ತೀರ್ಪು ಬಂದದ್ದು 2009.

ಈಗ ಸಿಸಿಗೆ ಬರೋಣ. ಇವತ್ತು ನಾನು ಮುಖ್ಯವಾಗಿ ಹೇಳಲು ಬಂದದ್ದು ಇದನ್ನೇ. ಸಿಸಿ ಅಂದರೆ ಕಾರ್ಬನ್ ಕಾಪಿ. ಟೈಪ್‌ರೈಟರ್ ಕಾಲದ ಪದ. ಎರಡು ಹಾಳೆಯ ನಡುವೆ ಕಪ್ಪು ಕಾರ್ಬನ್ ಇಟ್ಟು ಹೊಡೆದರೆ ಒಂದು ಪ್ರತಿ ಹೋಗಬೇಕಾದವರಿಗೆ, ಇನ್ನೊಂದು ಫೈಲಿಗೆ. ಬೆರಳಿಗೆ ಮಸಿ ಹತ್ತುತ್ತಿತ್ತು. ನಾಲ್ಕನೆಯ ಪ್ರತಿಯ ಹೊತ್ತಿಗೆ ಅಕ್ಷರ ಮಸುಕು. ಅಷ್ಟು ಕಷ್ಟ ಇದ್ದುದರಿಂದ ಯಾರಿಗೆ ಪ್ರತಿ ಬೇಕು ಅಂತ ಯೋಚಿಸಿ ಹಾಕುತ್ತಿದ್ದರು. ಈಗ ಎರಡಕ್ಷರ ಹೊಡೆದರೆ ಹೆಸರು ತಾನೇ ಬಂದು ಕೂರುತ್ತದೆ.

ಇಬ್ಬರ ನಡುವಿನ ಮೇಲ್‌ನಲ್ಲಿ ತಪ್ಪು ಒಪ್ಪಿಕೊಳ್ಳಬಹುದು. 'ಅಯ್ಯೋ ಹೌದು, ನಾನೇ ಹಳೆಯ ಶೀಟ್ ಹಾಕಿದ್ದೆ' ಅನ್ನಬಹುದು. ಮ್ಯಾನೇಜರ್ ಸಿಸಿಯಲ್ಲಿ ಕೂತ ಮೇಲೆ ಆ ಮಾತು ಬಾಯಿಗೆ ಬರುವುದಿಲ್ಲ. ಏಕೆಂದರೆ ಅದು ಈಗ ಸಹೋದ್ಯೋಗಿಗೆ ಕೊಡುವ ಉತ್ತರವಲ್ಲ, ಮ್ಯಾನೇಜರ್ ಮುಂದೆ ಕೊಡುವ ಹೇಳಿಕೆ. ಹೇಳಿಕೆ ಕೊಡುವವರು ತಪ್ಪು ಒಪ್ಪುವುದಿಲ್ಲ, ಸಮರ್ಥನೆ ಮಾಡಿಕೊಳ್ಳುತ್ತಾರೆ, ಆಮೇಲೆ ತಿರುಗಿ ಹೊಡೆಯುತ್ತಾರೆ. ಸಿಸಿ ಹಾಕಿದವರಿಗೂ ಅಷ್ಟೆ. ಅವರು ಸಹೋದ್ಯೋಗಿಯ ಜೊತೆ ಮಾತಾಡುವುದನ್ನು ಬಿಟ್ಟು ಸಹೋದ್ಯೋಗಿಯ ಬಗ್ಗೆ ಮಾತಾಡಲು ಶುರು ಮಾಡಿರುತ್ತಾರೆ. ಆಂಡರ್ಸನ್ ಮತ್ತು ಪಿಯರ್‌ಸನ್ ಎಂಬ ಇಬ್ಬರು 1999ರಲ್ಲಿ ಕಚೇರಿಯ ಒರಟುತನದ ಬಗ್ಗೆ ಬರೆದ ಲೇಖನದಲ್ಲಿ ಇದನ್ನು ಸುರುಳಿ ಅಂತ ಕರೆದಿದ್ದಾರೆ. ಏಟಿಗೆ ಎದಿರೇಟು, ಪ್ರತಿ ಸುತ್ತಿಗೂ ಸ್ವಲ್ಪ ಜಾಸ್ತಿ, ಒಂದು ಹಂತ ದಾಟಿದ ಮೇಲೆ ಅದು ಬರೀ ಒರಟುತನವಲ್ಲ, ದ್ವೇಷ.

ಸಿಸಿಯಲ್ಲಿದ್ದ ಆ ಒಂಬತ್ತು ಜನ ಏನು ಮಾಡಿದರು ಅಂತ ಕೇಳಿ. ಏನೂ ಮಾಡಲಿಲ್ಲ! ಒಬ್ಬರೂ ಎದ್ದು ಹೋಗಿ 'ಏನ್ರಪ್ಪಾ ಇದು' ಅನ್ನಲಿಲ್ಲ. ಓದಿದರು, ಅಷ್ಟೆ. ಕೊನೆಗೆ ಐಟಿ ವಿಭಾಗದ ಹುಡುಗ ಬಂದು ಐದು ನಿಮಿಷ ನೋಡಿದ. ಒಂದೇ ಹೆಸರಿನ ಎರಡು ಫೈಲು ಎರಡು ಫೋಲ್ಡರ್‌ನಲ್ಲಿದ್ದವು. ಸ್ಟೋರ್ಸ್‌ನವರು ಸೋಮವಾರ ಹೊಸ ಶೀಟನ್ನೇ ಸೇವ್ ಮಾಡಿದ್ದರು. ಅವರು ಕಳಿಸಿದ ಲಿಂಕ್ ಹಳೆಯದನ್ನು ತೆರೆಯುತ್ತಿತ್ತು. ಇಬ್ಬರೂ ನಿಜ ಹೇಳಿದ್ದರು. ಹನ್ನೊಂದು ಮೇಲ್, ಒಂಬತ್ತು ಸಾಕ್ಷಿ, ಒಂದು ಷೋಕಾಸ್ ನೋಟಿಸ್.

ಬಿಸಿಸಿ, ಅಂದರೆ ಉಳಿದವರಿಗೆ ಹೆಸರು ಕಾಣದ ಹಾಗೆ ಪ್ರತಿ ಕಳಿಸುವುದು, ಅದರ ಬಗ್ಗೆ ಒಂದೇ ಮಾತು. ಕದ್ದು ತೋರಿಸುವ ಆಸೆ ಇರುತ್ತದೆ. ಬಿಸಿಸಿಯಲ್ಲಿದ್ದ ಪುಣ್ಯಾತ್ಮ ಗೊತ್ತಾಗದೆ ರಿಪ್ಲೈ ಆಲ್ ಒತ್ತಿದ ದಿನ ನಿಮ್ಮ ಮುಖ ಎಲ್ಲಿಡುತ್ತೀರಿ? ಇದು ನನ್ನ ಕಣ್ಣೆದುರೇ ಆಗಿದೆ. ಹೆಚ್ಚು ಹೇಳುವುದಿಲ್ಲ, ಆ ಪುಣ್ಯಾತ್ಮ ನಾನೇ.

'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಅಂತಾರೆ. ಮೇಲ್ ವಿಷಯದಲ್ಲಿ ಉಲ್ಟಾ. ಆಡಿದರೆ ಹೋಗುವುದಿಲ್ಲ, ಅಲ್ಲೇ ಇರುತ್ತದೆ. ನೀವು ಡಿಲೀಟ್ ಮಾಡಿದ್ದು ನಿಮ್ಮ ಪ್ರತಿಯನ್ನು. ಸಂಸ್ಥೆಯ ಸರ್ವರ್‌ನಲ್ಲಿ ಒಂದಿರುತ್ತದೆ, ಬ್ಯಾಕಪ್‌ನಲ್ಲಿ ಇನ್ನೊಂದು, ಹೋದವರ ಇನ್‌ಬಾಕ್ಸ್‌ನಲ್ಲಿ ಮತ್ತೊಂದು. ಜಿಮೇಲ್‌ನಲ್ಲಿ ಕಳಿಸಿದ್ದನ್ನು ವಾಪಸ್ ಪಡೆಯುವ ಬಟನ್ ಇದೆ, ಜಾಸ್ತಿ ಅಂದರೆ 30 ಸೆಕೆಂಡ್ ಇಟ್ಟುಕೊಳ್ಳಬಹುದು. ಸಿಟ್ಟು ಇಳಿಯುವುದಕ್ಕೆ 30 ಸೆಕೆಂಡ್ ಸಾಲದು. ಅಮೆರಿಕದ ಎನ್ರಾನ್ ಎಂಬ ಇಂಧನ ಕಂಪನಿ ಲೆಕ್ಕದ ಮೋಸದಲ್ಲಿ ಮುಳುಗಿದ ಮೇಲೆ, ತನಿಖೆ ನಡೆಸಿದ ಅಲ್ಲಿನ ಇಂಧನ ನಿಯಂತ್ರಣ ಸಂಸ್ಥೆ 2003ರಲ್ಲಿ ನೌಕರರ ಮೇಲ್‌ಗಳನ್ನು ಸಾರ್ವಜನಿಕ ಮಾಡಿತು. ಸುಮಾರು 150 ಜನರ, ಸುಮಾರು 5 ಲಕ್ಷ ಮೇಲ್‌ಗಳ ಸಂಗ್ರಹ ಈಗಲೂ ಸಂಶೋಧಕರ ಕೈಯಲ್ಲಿದೆ. ಮೋಸದ ಲೆಕ್ಕ ಬರೆದವರ ಮೇಲ್ ಇರಲಿ ಬಿಡಿ. ಅದರಲ್ಲಿ ಊಟಕ್ಕೆ ಬರ್ತೀಯಾ ಅಂತ ಕೇಳಿದವರ ಮೇಲ್‌ಗಳೂ ಇವೆ. ಅವರಲ್ಲಿ ಯಾರೂ ಪ್ರಪಂಚಕ್ಕೆ ಅಂತ ಬರೆದಿರಲಿಲ್ಲ.

ಆಫೀಸಿನ ಮೇಲ್ ಓದುವ ಹಕ್ಕು ಕಂಪನಿಗೆ ಇದೆಯಾ ಅಂತ ಕೇಳುತ್ತೀರಿ. ದೇಶದಿಂದ ದೇಶಕ್ಕೆ ಬೇರೆ. ಎರಡು ತುದಿ ಹೇಳುತ್ತೇನೆ. ಅಮೆರಿಕದಲ್ಲಿ 1996ರ ಸ್ಮಿತ್ ವಿರುದ್ಧ ಪಿಲ್ಸ್‌ಬರಿ ಕೇಸು. ಮೇಲ್‌ಗಳು ಗುಟ್ಟಾಗಿರುತ್ತವೆ, ಅದನ್ನಿಟ್ಟುಕೊಂಡು ಕೆಲಸದಿಂದ ತೆಗೆಯುವುದಿಲ್ಲ ಅಂತ ಕಂಪನಿಯೇ ಭರವಸೆ ಕೊಟ್ಟಿತ್ತು. ಒಬ್ಬ ನೌಕರ ತನ್ನ ಮೇಲಧಿಕಾರಿಗೆ, ಬೆನ್ನಿಗೆ ಚೂರಿ ಹಾಕುವವರನ್ನು ಕೊಲ್ಲಬೇಕು ಎಂಬರ್ಥದಲ್ಲಿ ಬರೆದ. ಕೆಲಸ ಹೋಯಿತು. ಕಂಪನಿಯ ಮೇಲ್ ವ್ಯವಸ್ಥೆಯಲ್ಲಿ ಬರೆದದ್ದಕ್ಕೆ ಗುಟ್ಟಿನ ನಿರೀಕ್ಷೆ ಇಟ್ಟುಕೊಳ್ಳುವಂತಿಲ್ಲ ಅಂತ ಕೋರ್ಟು ಹೇಳಿತು, ಭರವಸೆ ಇದ್ದರೂ! ಇನ್ನೊಂದು ತುದಿ ಯುರೋಪ್. ರೊಮೇನಿಯಾದ ಒಬ್ಬ ಎಂಜಿನಿಯರ್ ಆಫೀಸಿನ ಯಾಹೂ ಮೆಸೆಂಜರ್‌ನಲ್ಲಿ ಸೋದರನ ಜೊತೆ, ಮದುವೆಯಾಗಲಿದ್ದ ಹುಡುಗಿಯ ಜೊತೆ ಮಾತಾಡಿದ ಅಂತ 2007ರಲ್ಲಿ ಕೆಲಸದಿಂದ ತೆಗೆದರು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ 2016ರಲ್ಲಿ ಸೋತ, 2017ರಲ್ಲಿ ದೊಡ್ಡ ಪೀಠದಲ್ಲಿ 11ಕ್ಕೆ 6ರ ಬಹುಮತದಲ್ಲಿ ಗೆದ್ದ. ನೋಡುತ್ತೇವೆ, ಎಷ್ಟರಮಟ್ಟಿಗೆ ನೋಡುತ್ತೇವೆ ಅಂತ ಮೊದಲೇ ಹೇಳಿರಬೇಕಿತ್ತು ಎಂಬುದು ಮುಖ್ಯ ಅಂಶ. ಹತ್ತು ವರ್ಷ ಹಿಡಿಯಿತು.

ಕೋರ್ಟಿಗೆ ಹೋಗುವುದು ನೂರಕ್ಕೆ ಒಬ್ಬರೋ ಇಬ್ಬರೋ. ಉಳಿದವರಿಗೆ ಏನಾಗುತ್ತದೆ? ಕಾಗದದ ದಾರಿ ನಿಮಗೆ ಗೊತ್ತು. ಬಾಯಿಮಾತಿನ ಎಚ್ಚರಿಕೆ, ಷೋಕಾಸ್ ನೋಟಿಸ್, ವಾರ್ನಿಂಗ್ ಲೆಟರ್, ಆಮೇಲೆ ದೊಡ್ಡದು. ನಾನು ಹೇಳಬೇಕೆಂದಿರುವುದು ಕಾಗದವಿಲ್ಲದ ದಾರಿಯ ಬಗ್ಗೆ, ಏಕೆಂದರೆ ಅದು ನನಗೇ ಆಗಿದೆ.

ನನ್ನ ಮೊದಲನೆಯ ಕೆಲಸ. ನಾನು ಮೂರು ವಾರ ಕೂತು ಮಾಡಿದ ಒಂದು ವರದಿಯನ್ನು ನನ್ನ ಮೇಲಿನವರು ತಮ್ಮ ಹೆಸರಿನಲ್ಲಿ ಎಲ್ಲರಿಗೂ ಕಳಿಸಿದರು. ನಾನು ರಿಪ್ಲೈ ಆಲ್ ಒತ್ತಿ, ಬಹಳ ವಿನಯದಿಂದ, 'ನಾನು ತಯಾರಿಸಿದ ವರದಿಯನ್ನು ಹಂಚಿದ್ದಕ್ಕೆ ಧನ್ಯವಾದ' ಅಂತ ಬರೆದೆ. ಒಂದೇ ಸಾಲು. ಬೈಗುಳ ಇಲ್ಲ, ಕ್ಯಾಪಿಟಲ್ ಇಲ್ಲ. ಅವತ್ತು ನಾಲ್ಕು ಜನ ಬಂದು ಬೆನ್ನು ತಟ್ಟಿದರು. ನನಗೆ ನೋಟಿಸ್ ಬರಲಿಲ್ಲ, ಯಾರೂ ಕರೆದು ಕೇಳಲಿಲ್ಲ. ಆ ವರ್ಷದ ಅಪ್ರೈಸಲ್‌ನಲ್ಲಿ 'ಹೊಂದಾಣಿಕೆ ಸಾಲದು' ಅಂತ ಎರಡು ಪದ ಬಂತು. ಮುಂದಿನ ವರ್ಷ ಹೊಸ ಪ್ರಾಜೆಕ್ಟ್‌ಗೆ ತಂಡ ಮಾಡಿದಾಗ ನನ್ನ ಹೆಸರಿರಲಿಲ್ಲ. ಕೇಳಿದ್ದಕ್ಕೆ, 'ನೋಡೋಣ, ಮುಂದಿನ ಸಲ' ಅಂದರು. ನಾನು ಸರಿ ಇದ್ದೆ. ಇವತ್ತಿಗೂ ಆ ವರದಿ ನನ್ನದೇ. ಆದರೆ ಆ ಸಾಲನ್ನು ಎಲ್ಲರಿಗೂ ಕಳಿಸುವ ಬದಲು ಅವರೊಬ್ಬರಿಗೆ ಕಳಿಸಿದ್ದರೆ? ಅಥವಾ ಅವರ ಮೇಲಿನವರ ಕೋಣೆಗೆ ಹೋಗಿ ಹೇಳಿದ್ದರೆ? ಗೊತ್ತಿಲ್ಲ. ಆಗಲೂ ಅನ್ಯಾಯವೇ ಆಗುತ್ತಿತ್ತೋ ಏನೋ. ಕನಿಷ್ಠ ಆ ಅನ್ಯಾಯಕ್ಕೆ ನಾನೇ ಕಾರಣ ಒದಗಿಸಿದ ಹಾಗಾಗುತ್ತಿರಲಿಲ್ಲ.

ಹಾಗಂತ ಬರೆಯಲೇಬೇಡಿ ಅಂತ ಹೇಳಲು ನಾನು ಬಂದಿಲ್ಲ. ಈ ಉಪನ್ಯಾಸವನ್ನು ಅರ್ಧ ಕೇಳಿದ ಮ್ಯಾನೇಜರ್‌ಗಳು ಮರುದಿನ ಹೋಗಿ 'ಎಲ್ಲ ಬಾಯಲ್ಲೇ ಮಾತಾಡಿಕೊಳ್ಳಿ, ಮೇಲ್ ಬೇಡ' ಅಂತ ಸುತ್ತೋಲೆ ಹೊರಡಿಸುತ್ತಾರೆ. ಅದೂ ಮೇಲ್‌ನಲ್ಲೇ. ನಾನು ಅದಕ್ಕೆ ಒಪ್ಪುವುದಿಲ್ಲ. ಕಿರುಕುಳ ಆಗುತ್ತಿದೆ, ಸಂಬಳ ಹಿಡಿದಿದ್ದಾರೆ, ಯಂತ್ರದ ಗಾರ್ಡ್ ಕಿತ್ತುಹೋಗಿದೆ, ಸುಳ್ಳು ಲೆಕ್ಕಕ್ಕೆ ಸಹಿ ಹಾಕು ಅನ್ನುತ್ತಿದ್ದಾರೆ, ಇವನ್ನೆಲ್ಲ ಬರೆಯಲೇಬೇಕು. ಸಿಸಿ ಬೇಕಾದರೆ ಹಾಕಲೇಬೇಕು. ಅಲ್ಲಿ ಬರವಣಿಗೆಯೇ ನಿಮ್ಮ ಕಾವಲು. 'ಮೇಲ್ ಯಾಕೆ, ಬಾ ಮಾತಾಡೋಣ' ಅನ್ನುವವರಲ್ಲಿ ಕೆಲವರಿಗೆ ಸೌಜನ್ಯ ಇರುತ್ತದೆ. ಕೆಲವರಿಗೆ ದಾಖಲೆ ಆಗಬಾರದು ಅನ್ನುವ ಲೆಕ್ಕ ಇರುತ್ತದೆ. ಯಾರು ಯಾವ ಥರದವರು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಮೇಜಿನ ಆಚೆ ಕೂತವನಾಗಿ ಒಂದು ವ್ಯತ್ಯಾಸ ಮಾತ್ರ ಹೇಳಬಲ್ಲೆ. 'ನೀವು ಯಾವಾಗಲೂ ಹೀಗೇ' ಎಂಬ ಸಾಲು ಬಂದಾಗ ನಾವು ಬರೆದವರ ಸ್ವಭಾವ ನೋಡುತ್ತಿದ್ದೆವು. '12ನೇ ತಾರೀಖು, ಸಂಜೆ ನಾಲ್ಕು ಗಂಟೆಗೆ, ಇಂಥವರ ಎದುರು, ಹೀಗಂದರು' ಎಂಬ ಸಾಲು ಬಂದಾಗ ಅಂದವರನ್ನು ಕರೆಸುತ್ತಿದ್ದೆವು.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ಹೆಣ್ಣುಮಗಳು ಎದ್ದು ನಿಂತು ಕೇಳಿದರು: 'ಸಾರ್, ನಮ್ಮ ಮೇಲಿನವರು ಬೈಯುವುದೆಲ್ಲ ಫೋನಿನಲ್ಲಿ. ಮೇಲ್‌ನಲ್ಲಿ ಬರೀ ಸಕ್ಕರೆ. ನಾನು ಸಿಟ್ಟಲ್ಲಿ ಬರೆದರೆ ದಾಖಲೆಯಲ್ಲಿ ನಾನೇ ಕೆಟ್ಟವಳು. ಏನು ಮಾಡಲಿ?'

ಇಡೀ ಸಭೆಯಲ್ಲಿ ಬಂದ ಅತ್ಯಂತ ಒಳ್ಳೆಯ ಪ್ರಶ್ನೆ. ನಾನು ಹೇಳಿದ್ದು ಇಷ್ಟು. ಫೋನ್ ಇಟ್ಟ ಮೇಲೆ ಒಂದು ಲೋಟ ನೀರು ಕುಡಿಯಿರಿ. ಆಮೇಲೆ ಒಂದು ಮೇಲ್ ಬರೆಯಿರಿ: ಈಗ ಫೋನಿನಲ್ಲಿ ನೀವು ಹೇಳಿದ್ದು ನಾನು ಅರ್ಥ ಮಾಡಿಕೊಂಡಂತೆ ಹೀಗಿದೆ, ಇಂಥ ಕೆಲಸ ಇಂಥ ದಿನಕ್ಕೆ ಮುಗಿಯಬೇಕು, ಇಂಥ ಪದ ಬಳಸಿದ್ದು ನನಗೆ ನೋವಾಯಿತು, ತಪ್ಪಿದ್ದರೆ ತಿಳಿಸಿ. ಸಿಟ್ಟಿನ ಒಂದು ಪದವೂ ಬೇಡ. ಅವರು ಉತ್ತರ ಕೊಡದಿದ್ದರೂ ನಿಮ್ಮ ಮೇಲ್‌ಗೆ ತಾರೀಖು ಇರುತ್ತದೆ. ಹೀಗೆ ನಾಲ್ಕು ಸೇರಿದರೆ ವಿಚಾರಣೆಗೆ ಕೂತವರಿಗೆ ಬೇರೆ ಸಾಕ್ಷಿ ಹುಡುಕುವ ಕಷ್ಟ ಕಡಿಮೆ. ಅವರು ಬರೆದುಕೊಂಡರು. 'ನೋವಾಯಿತು' ಅನ್ನುವ ಪದ ಬರೆಯಬಹುದಾ ಅಂತ ಇನ್ನೊಮ್ಮೆ ಕೇಳಿದರು. ಬರೆಯಬಹುದು.

ಇನ್ನೊಬ್ಬರು ಕೇಳಿದರು: ಆ ಹನ್ನೊಂದು ಮೇಲ್ ಬರೆದ ಇಬ್ಬರಿಗೆ ಏನಾಯಿತು? ಸ್ಟೋರ್ಸ್‌ನವರಿಗೆ ಒಂದು ವಾರ್ನಿಂಗ್ ಲೆಟರ್ ಕೊಟ್ಟೆವು, ಬೇರೆ ವಿಭಾಗಕ್ಕೆ ಹಾಕಿದೆವು. ಅಕೌಂಟ್ಸ್‌ನವರ ಫೈಲಿನಲ್ಲಿ ಏನೂ ಬರೆಯಲಿಲ್ಲ. ಕಾಗದದ ಪ್ರಕಾರ ಅವರೇ ಗೆದ್ದರು. ನಾಲ್ಕು ತಿಂಗಳಿಗೆ ರಾಜೀನಾಮೆ ಕೊಟ್ಟು ಹೋದರು. ಕೊನೆಯ ದಿನ ಕಾರಣ ಕೇಳಿದೆ. 'ಒಂಬತ್ತು ಜನ ಓದಿದರಲ್ಲ ಸಾರ್, ಈಗ ಯಾವುದಾದರೂ ಮೇಲ್ ಕಳಿಸುವಾಗ ಕೈ ನಡುಗುತ್ತೆ' ಅಂದರು. ಆ ವಾರ್ನಿಂಗ್ ಲೆಟರ್ ಬರೆದವನು ನಾನು. ಸರಿಯಾಗಿಯೇ ಬರೆದಿದ್ದೆ. ಆದರೂ ಆ ಮಾತು ನನ್ನನ್ನು ಬಿಟ್ಟಿಲ್ಲ.

ಸಭೆ ಮುಗಿದ ಮೇಲೆ ನಡೆದದ್ದು ಇದು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಒಬ್ಬ ಹುಡುಗ ಹತ್ತಿರ ಬಂದು ಫೋನ್ ಮುಂದೆ ಹಿಡಿದ. 'ಸಾರ್, ಇದನ್ನ ಕಳಿಸಲಾ?' ಡ್ರಾಫ್ಟ್‌ನಲ್ಲಿ ಒಂದು ಮೇಲ್, ಎರಡು ಪ್ಯಾರಾ. ಮೊದಲನೆಯದರಲ್ಲಿ ಏನಾಯಿತು ಅಂತ ಸ್ಪಷ್ಟವಾಗಿ ಬರೆದಿದ್ದ, ತಾರೀಖು ಸಮೇತ. ಎರಡನೆಯದು 'ಇದು ಮೊದಲ ಸಲವೇನಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ' ಅಂತ ಶುರುವಾಗಿತ್ತು. ಸಿಸಿಯಲ್ಲಿ ನಾಲ್ಕು ಹೆಸರು.

ನಾನು ಏನೂ ಹೇಳಲಿಲ್ಲ, ಸುಮ್ನೆ ಅವನ ಮುಖ ನೋಡಿದೆ. ಎರಡನೆಯ ಪ್ಯಾರಾ ಅಳಿಸಿದ. ಸಿಸಿಯಲ್ಲಿ ಮೂರು ಹೆಸರು ತೆಗೆದ. ನಾಲ್ಕನೆಯದರ ಹತ್ತಿರ ಬೆರಳು ನಿಂತಿತು.

'ಇವರೊಬ್ಬರು ಇರಲಿ ಸಾರ್.'

'ಯಾರವರು?'

'ನನ್ನ ಬಾಸ್. ಈ ಮೇಲ್ ಬರಿ ಅಂತ ಹೇಳಿದ್ದೇ ಅವರು.'